ಪ್ಲಾಸ್ಟಿಕ್ಕಿನ ಧೂಳು

ಎರಡು ಮೂರು ಬೇಸಗೆಗಳನ್ನು ತಾರಸಿಯ ಮೇಲೆಯೇ ಕಳೆದ ಪ್ಲಾಸ್ಟಿಕ್ ಬಕೆಟ್ಟೊಂದನ್ನು ವಾಚಕರು ಎಂದಾದರೂ ಕೈಗೆತ್ತಿಕೊಂಡಿರಬಹುದು. ಅದರ ಬಣ್ಣ ಮಾಸಿರುತ್ತದೆ. ಅಂಚನ್ನು ಹಿಡಿದೆತ್ತಿದರೆ ಹಪ್ಪಳದಂತೆ ಮುರಿಯುತ್ತದೆ. ಬೆರಳಿಗೆ ನವುರಾದ ಹುಡಿ ಅಂಟಿಕೊಳ್ಳುತ್ತದೆ. ಮುರಿದ ಚೂರುಗಳನ್ನು ನಾವು ಗುಡಿಸಿ ಎಸೆಯುತ್ತೇವೆ. ಆ ಹುಡಿಯ ಗತಿ ಏನಾಯಿತೆಂದು ವಿಚಾರಿಸುವ ಗೋಜಿಗೆ ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಅದು ಮಳೆನೀರಿನೊಡನೆ ಚರಂಡಿಗೆ, ಅಲ್ಲಿಂದ ಕೆರೆಗೆ, ಹೊಳೆಗೆ, ಕಡೆಗೆ ಕಡಲಿಗೆ ಹೋಗಿ ಸೇರುತ್ತದೆ, ಒಂದಂಶ ಗಾಳಿಗೇರುತ್ತದೆ. ಅದರಲ್ಲಿ ಒಂದು ಪಾಲು ಮರಳಿ ನಮ್ಮ ಮೈಯೊಳಕ್ಕೇ ಬಂದು ನೆಲೆಸುತ್ತಿದೆಯೆಂಬ ಸಂಗತಿ ಕಳೆದ ಕೆಲವು ವರ್ಷಗಳಿಂದ ವೈದ್ಯರನ್ನೂ ರಸಾಯನಶಾಸ್ತ್ರಜ್ಞರನ್ನೂ ಸಮಾನವಾಗಿ ಚಿಂತೆಗೀಡುಮಾಡಿದೆ.

ಈ ವಸ್ತು ಸುಲಭವಾಗಿ ಏಕೆ ಕೊಳೆಯುವುದಿಲ್ಲವೆಂಬುದನ್ನು ತಿಳಿಯಬೇಕಾದರೆ ಅದರ ಜನ್ಮವೃತ್ತಾಂತವನ್ನು ಸ್ವಲ್ಪ ನೋಡಬೇಕು. ಇಥಿಲೀನ್ ಎಂಬ ಅನಿಲದ ಒಂದು ಅಣುವಿನಲ್ಲಿ ಇಂಗಾಲದ 2 ಪರಮಾಣುಗಳೂ ಜಲಜನಕದ 4 ಪರಮಾಣುಗಳೂ ಇರುತ್ತವೆ. 1933ರ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ವಿನಿಂಗ್ಟನ್ ಎಂಬಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರು ಈ ಅನಿಲವನ್ನು ಬೆಂಜಾಲ್ಡಿಹೈಡಿನೊಡನೆ ಸೇರಿಸಿ, ವಾಯುಮಂಡಲದ ಒತ್ತಡಕ್ಕೆ ಸಾವಿರ ಮಡಿಗೂ ಮಿಕ್ಕ ಒತ್ತಡದಲ್ಲಿ ಕಾಯಿಸಿದರು. ಅವರು ಬಯಸಿದ ಸಂಯೋಗ ನಡೆಯಲಿಲ್ಲ. ಪಾತ್ರೆಯೊಳಗೆ ಮೇಣದಂತಹ ಬಿಳಿಯ ವಸ್ತು ಕೊಂಚ ಅಂಟಿಕೊಂಡಿತ್ತು. ಪ್ರಯೋಗವನ್ನು ಪುನಃ ಮಾಡಹೋದಾಗ ಉಪಕರಣವೇ ಸಿಡಿಯಿತು. 1935ರ ಡಿಸೆಂಬರಿನಲ್ಲಿ ಇತರರು ಮತ್ತೆ ಪ್ರಯತ್ನಿಸಿದಾಗ ಉಪಕರಣ ಸೋರುತ್ತಿದ್ದುದರಿಂದ ಹೊಸದಾಗಿ ಅನಿಲವನ್ನು ತುಂಬಬೇಕಾಯಿತು. ಆ ಅನಿಲದಲ್ಲಿ ಲೇಶಮಾತ್ರವಾಗಿ ಬೆರೆತಿದ್ದ ಆಮ್ಲಜನಕವೇ ಕ್ರಿಯೆಗೆ ಚಾಲನೆಯಿತ್ತಿತೆಂದು ಆಮೇಲೆ ತಿಳಿದುಬಂದಿತು. ಸೋರುವ ಉಪಕರಣವನ್ನು ಸಾಮಾನ್ಯವಾಗಿ ಎಲ್ಲರೂ ಶಪಿಸುತ್ತಾರೆ. ಇಲ್ಲಿ ಅದೇ ಉಪಕಾರ ಮಾಡಿತು. ಹೀಗೆ ಹುಟ್ಟಿದ ಪಾಲಿಥೀನ್ ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಯಂತ್ರಗಳ ತಂತಿಗಳಿಗೆ ಹೊದಿಕೆಯಾಗಿ, ಯುದ್ಧ ಮುಗಿದ ಮೇಲೆ ಮನೆಮನೆಯ ಚೀಲವಾಯಿತು.

ಪಾಲಿಥೀನ್ ಎಂದರೆ ಇಂಗಾಲದ ಸಾವಿರಾರು ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ನಿಂತ ಉದ್ದವಾದ ಸರಪಣಿ. ತುಪ್ಪದಲ್ಲಿಯೂ ಎಣ್ಣೆಯಲ್ಲಿಯೂ ಇಂತಹವೇ ಸರಪಣಿಗಳುಂಟು. ಆದರೆ ಅವು ಗಿಡ್ಡವಾದವು, ಬಹುಮಟ್ಟಿಗೆ 16 ಅಥವಾ 18 ಇಂಗಾಲಗಳಷ್ಟು. (ಈ ಹೋಲಿಕೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು, ಮುಂದೆ ಒಂದು ದೊಡ್ಡ ವಿವಾದಕ್ಕೆ ಇದೇ ಮೂಲವಾಗುತ್ತದೆ.) ಗಿಡ್ಡ ಸರಪಣಿಯನ್ನು ಸೂಕ್ಷ್ಮಜೀವಿಗಳು ತಮ್ಮೊಳಕ್ಕೆ ಸೆಳೆದುಕೊಂಡು ತುದಿಯಿಂದ ಕತ್ತರಿಸುತ್ತ ಅರಗಿಸಿಕೊಳ್ಳುತ್ತವೆ. ಸಾವಿರಾರು ಕೊಂಡಿಗಳ ಸರಪಣಿಯಾದರೋ ಅವುಗಳ ಒಳಗೆ ಹೋಗಲಾರದು. ಹೊರಗೆ ನಿಂತು ಅದನ್ನು ಸಲೀಸಾಗಿ ಕಡಿಯಬಲ್ಲ ಆಯುಧವೂ ಅವುಗಳಲ್ಲಿಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಮಾತ್ರ ಅಲ್ಲಲ್ಲಿ ಕೊಂಡಿಗಳನ್ನು ಕಡಿಯುತ್ತವೆ. ಕಡಿದ ತುದಿಗೆ ಆಮ್ಲಜನಕ ಸೇರುತ್ತದೆ. ವಸ್ತು ಪೆಡಸಾಗಿ ಒಡೆಯುತ್ತದೆ. ಒಡೆಯುವುದೇ ಹೊರತು ಕೊಳೆಯುವುದಲ್ಲ. ಒಂದು ಚೂರು ಹತ್ತಾಗುತ್ತದೆ, ಹತ್ತು ಸಾವಿರವಾಗುತ್ತವೆ.

1950ರಲ್ಲಿ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ಕು ಸುಮಾರು 20 ಲಕ್ಷ ಟನ್ನುಗಳು. ಇಂದು ವರ್ಷಕ್ಕೆ 40 ಕೋಟಿ ಟನ್ನುಗಳಿಗೂ ಹೆಚ್ಚು. 2017ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಇದರ ಜಮಾಖರ್ಚನ್ನು ಲೆಕ್ಕಹಾಕಿದರು. 2015ರ ವರೆಗೆ ಒಟ್ಟು ತಯಾರಾದುದು 830 ಕೋಟಿ ಟನ್ನು. ಕಸವಾದುದು 630 ಕೋಟಿ ಟನ್ನು. ಈ ಕಸದಲ್ಲಿ ಮತ್ತೆ ಬಳಕೆಗೆ ಬಂದುದು ನೂರಕ್ಕೆ 9 ಪಾಲು, ಸುಟ್ಟುದು 12 ಪಾಲು; ಮಿಕ್ಕ 79 ಪಾಲು ತಿಪ್ಪೆಯಲ್ಲಿಯೋ ಬಯಲಿನಲ್ಲಿಯೋ ನೀರಿನಲ್ಲಿಯೋ ಉಳಿದಿದೆ.

ಕಡಲಿನಲ್ಲಿ ಈ ಚೂರುಗಳಿರುವುದು ಹೊಸ ಸುದ್ದಿಯೇನಲ್ಲ. ಅಟ್ಲಾಂಟಿಕ್ ಸಾಗರದ ಸರ್ಗಾಸೊ ಭಾಗದಲ್ಲಿ ನೀರಿನ ಮೇಲ್ಮೈಯ ಚದರ ಕಿಲೋಮೀಟರಿಗೆ ಸರಾಸರಿ 3500 ಚೂರುಗಳಿವೆಯೆಂದು ಕಾರ್ಪೆಂಟರ್ ಮತ್ತು ಸ್ಮಿತ್ 1972ರಷ್ಟು ಹಿಂದೆಯೇ ಬರೆದಿದ್ದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 2004ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ರಿಚರ್ಡ್ ಥಾಮ್ಸನ್ ಮತ್ತು ಅವರ ಸಂಗಡಿಗರು ಒಂದು ಜಾಣ ಉಪಾಯವನ್ನು ಮಾಡಿದರು. ಕಡಲಿನ ತೇಲುಜೀವಿಗಳ ಅಧ್ಯಯನಕ್ಕೆಂದು ಹಡಗುಗಳ ಹಿಂದೆ ಕಟ್ಟಿ ಎಳೆಯುವ ಒಂದು ಪೆಟ್ಟಿಗೆಯುಂಟು. ಅದರೊಳಗಿನ ರೇಷ್ಮೆಯ ಪಟ್ಟಿಯ ಮೇಲೆ ಜೀವಿಗಳು ಸಿಕ್ಕಿಕೊಳ್ಳುತ್ತವೆ. ಸ್ಕಾಟ್ಲೆಂಡಿನ ಉತ್ತರದ ಕಡಲಿನಲ್ಲಿ 1960ರ ದಶಕದಿಂದ ಸಂಗ್ರಹಿಸಿಟ್ಟಿದ್ದ ಪಟ್ಟಿಗಳನ್ನು ಇವರು ಹೊರತೆಗೆದು ಪರೀಕ್ಷಿಸಿದರು. ಮೀನುಗಾರಿಕೆಯ ಹಿತಕ್ಕಾಗಿ ಕೂಡಿಟ್ಟ ರೇಷ್ಮೆ ಪ್ಲಾಸ್ಟಿಕ್ಕಿನ ಇತಿಹಾಸವನ್ನು ಹೇಳಿತು: ಕಾಲ ಕಳೆದಂತೆ ಅದರ ಎಳೆಗಳು ಹೆಚ್ಚಿದ್ದವು. ‘ಮೈಕ್ರೋಪ್ಲಾಸ್ಟಿಕ್’ ಎಂಬ ಹೆಸರು ಬಳಕೆಗೆ ಬಂದುದು ಈ ಲೇಖನದಿಂದಲೇ. 5 ಮಿಲಿಮೀಟರಿಗಿಂತ ಚಿಕ್ಕದಾದ ಚೂರಿಗೆ ಈಗ ಆ ಹೆಸರು ಸಲ್ಲುತ್ತದೆ. ಆಮೇಲೆ ಹುಡುಕಿದಲ್ಲೆಲ್ಲ ಅದು ಸಿಕ್ಕಿತು. 2019ರಲ್ಲಿ ಎವರೆಸ್ಟ್ ಶಿಖರದ ಹಾದಿಯಲ್ಲಿ 8440 ಮೀಟರ್ ಎತ್ತರದಿಂದ ತಂದ ಹಿಮದಲ್ಲಿಯೂ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳದಲ್ಲಿ ಬಾಳುವ ಸೀಗಡಿಯಂತಹ ಜೀವಿಗಳ ಕರುಳಿನಲ್ಲಿಯೂ ಕೃತಕ ನೂಲಿನ ಎಳೆಗಳಿದ್ದವು. ನಾವು ಒಗೆಯುವ ಪಾಲಿಯೆಸ್ಟರ್ ಬಟ್ಟೆಯೂ ರಸ್ತೆಯ ಮೇಲೆ ಸವೆಯುವ ವಾಹನಗಳ ಟೈರುಗಳೂ ಇದರ ದೊಡ್ಡ ಮೂಲಗಳು.

ಇನ್ನೂ ಚಿಕ್ಕ ಕಣಗಳ ವಿಷಯ ಬೇರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರಾನ್ ಎನ್ನುತ್ತೇವೆ. ನಮ್ಮ ರಕ್ತದ ಕೆಂಪು ಕಣದ ಅಗಲ ಸುಮಾರು 7 ಅಥವಾ 8 ಮೈಕ್ರಾನ್. ಒಂದು ಮೈಕ್ರಾನಿಗಿಂತಲೂ ಕಿರಿದಾದ ಪ್ಲಾಸ್ಟಿಕ್ ಕಣ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಕಂಡರೂ ಅದು ಪ್ಲಾಸ್ಟಿಕ್ಕೋ ಮಣ್ಣೋ ಎಂಬುದು ತಿಳಿಯುವುದಿಲ್ಲ. ಇಲ್ಲಿ ನೆರವಿಗೆ ಬಂದುದು ನಮ್ಮವರೇ ಆದ ಸರ್ ಸಿ. ವಿ. ರಾಮನ್ ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮ. 1933ರಲ್ಲಿ ಅವರು ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದುದನ್ನು ವಾಚಕರು ಬಲ್ಲರು. ವಸ್ತುವಿನ ಮೇಲೆ ಬಿದ್ದ ಬೆಳಕು ಚದರುವಾಗ ಅದರ ಒಂದು ಅತ್ಯಲ್ಪ ಭಾಗದ ಬಣ್ಣ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆಂಬುದು ಆ ವಸ್ತುವಿನ ಅಣುಗಳ ಕಂಪನವನ್ನು ಅವಲಂಬಿಸಿದೆ. ಆದುದರಿಂದ ಪಾಲಿಥೀನಿಗೆ ಒಂದು ಗುರುತು, ನೈಲಾನಿಗೆ ಇನ್ನೊಂದು. ಈ ಬದಲಾದ ಬೆಳಕು ತೀರ ಮಂದವಾದುದು. ಎರಡು ಲೇಸರ್ ಕಿರಣಗಳನ್ನು ಅಣುವಿನ ಕಂಪನಕ್ಕೆ ಹೊಂದಿಸಿ ಒಟ್ಟಿಗೆ ಹಾಯಿಸಿದರೆ ಅದನ್ನು ಬಹಳವಾಗಿ ಬಲಪಡಿಸಬಹುದು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಈ ಕ್ರಮದಿಂದ ಅಂಗಡಿಯ ಬಾಟಲಿ ನೀರನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗುಗೊಳಿಸುವಂತಹುದು. ಒಂದು ಲೀಟರಿನಲ್ಲಿ ಸರಾಸರಿ 2 ಲಕ್ಷ 40 ಸಾವಿರ ಕಣಗಳು. ಅವುಗಳಲ್ಲಿ ನೂರಕ್ಕೆ 90ರಷ್ಟು ಒಂದು ಮೈಕ್ರಾನಿಗಿಂತ ಚಿಕ್ಕವು. ಬಾಟಲಿಯ ಪ್ಲಾಸ್ಟಿಕ್ಕಿನೊಡನೆ ನೈಲಾನಿನ ಜಾತಿಯ ಕಣಗಳೂ ಹೇರಳವಾಗಿದ್ದವು. ಅವು ಬಹುಶಃ ನೀರನ್ನು ಶುದ್ಧಿಮಾಡಲು ಬಳಸಿದ ಶೋಧಕಗಳಿಂದಲೇ ಬಂದಿರಬೇಕೆಂದು ಆ ವಿಜ್ಞಾನಿಗಳ ಊಹೆ!

ನೀರಿನಲ್ಲಿರುವುದು ಬೇರೆ, ನೆತ್ತರಿನಲ್ಲಿರುವುದು ಬೇರೆ. 2022ರಲ್ಲಿ ಆಮ್ಸ್ಟರ್‌ಡ್ಯಾಮಿನ ಸಂಶೋಧಕರು 22 ಮಂದಿ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ 17 ಮಂದಿಯಲ್ಲಿ ಪ್ಲಾಸ್ಟಿಕ್ಕನ್ನು ಕಂಡರು. ಇದ್ದರೆ ಇರಲಿ, ಅದರಿಂದ ಕೇಡೇನು ಎಂದು ಕೇಳುವವರಿಗೆ ಉತ್ತರವೆನ್ನುವಂತೆ 2024ರ ಮಾರ್ಚಿನಲ್ಲಿ ಇಟಲಿಯ ರಫೇಲೆ ಮಾರ್ಫೆಲ್ಲ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ವರದಿಯನ್ನು ಪ್ರಕಟಿಸಿದರು. ಕುತ್ತಿಗೆಯ ಎರಡು ಪಕ್ಕಗಳಲ್ಲಿ ಮೆದುಳಿಗೆ ರಕ್ತವನ್ನೊಯ್ಯುವ ಧಮನಿಗಳಲ್ಲಿ ಕೆಲವರಿಗೆ ಕೊಬ್ಬು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಶಸ್ತ್ರವೈದ್ಯರು ಅದನ್ನು ಹೆರೆದು ತೆಗೆಯುವುದುಂಟು. ಹಾಗೆ ತೆಗೆದ ಗಡ್ಡೆಯನ್ನು ಪರೀಕ್ಷಿಸಿ, ರೋಗಿಗಳನ್ನು ಸುಮಾರು 34 ತಿಂಗಳು ಅನುಸರಿಸಿ ನೋಡಲಾಯಿತು. ಕಡೆಯವರೆಗೆ ಲೆಕ್ಕಕ್ಕೆ ದೊರೆತವರು 257 ಮಂದಿ. ಇವರಲ್ಲಿ 150 ಮಂದಿಯ ಗಡ್ಡೆಯಲ್ಲಿ ಪಾಲಿಥೀನ್ ಇತ್ತು. ಅವರ ಪೈಕಿ 31 ಮಂದಿಯಲ್ಲಿ ಪಿ. ವಿ. ಸಿ.ಯೂ ಇತ್ತು. ಪ್ಲಾಸ್ಟಿಕ್ ಇದ್ದ 150 ಮಂದಿಯಲ್ಲಿ 30 ಮಂದಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಮರಣವೋ ಸಂಭವಿಸಿತು. ಇಲ್ಲದ 107 ಮಂದಿಯಲ್ಲಿ 8 ಮಂದಿಗೆ ಮಾತ್ರ. ವಯಸ್ಸು, ಸಕ್ಕರೆಕಾಯಿಲೆ ಮೊದಲಾದುವನ್ನು ಗಣನೆಗೆ ತೆಗೆದುಕೊಂಡ ಮೇಲೂ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚಾಗಿತ್ತು.

ಇದರಿಂದ ಪ್ಲಾಸ್ಟಿಕ್ಕೇ ಹೃದಯಾಘಾತವನ್ನು ತಂದಿತೆಂದು ತೀರ್ಮಾನಿಸಬಹುದೇ? ಹಾಗೆ ಮಾಡಲಾಗದು. ಹೆಚ್ಚು ಪ್ಲಾಸ್ಟಿಕ್ಕನ್ನು ಸೇವಿಸುವವರು ಹೊಗೆ ಧೂಳುಗಳ ನಡುವೆ ಬಾಳುವವರೂ ಆಗಿರಬಹುದು. ಕೇಡು ಆ ಹೊಗೆಯದೇ ಇರಬಹುದು. ಅಲ್ಲದೆ ಆಸ್ಪತ್ರೆಯ ಗಾಳಿಯಲ್ಲಿಯೂ ಕೈಗವಸಿನಲ್ಲಿಯೂ ಕೊಳವೆಗಳಲ್ಲಿಯೂ ಪ್ಲಾಸ್ಟಿಕ್ ಇರುವಾಗ, ಪರೀಕ್ಷೆಯ ವೇಳೆಯಲ್ಲಿ ಹೊರಗಿನಿಂದ ಬಂದು ಸೇರಿದುದಷ್ಟು ಎಂಬ ಪ್ರಶ್ನೆಯೂ ಇದೆ. ಆದುದರಿಂದಲೇ ಇಂತಹ ಪ್ರಯೋಗಶಾಲೆಗಳಲ್ಲಿ ಹತ್ತಿಯ ಬಟ್ಟೆ ತೊಟ್ಟು, ಗಾಜಿನ ಪಾತ್ರೆಗಳನ್ನೇ ಬಳಸಿ, ಏನೂ ಇಲ್ಲದ ಬರಿಯ ಮಾದರಿಯನ್ನೂ ಜೊತೆಯಲ್ಲಿ ಪರೀಕ್ಷಿಸುತ್ತಾರೆ.

ಹಿಂದೆ ಹೇಳಿದ ಕೊಬ್ಬಿನ ಹೋಲಿಕೆ ತೊಡಕನ್ನುಂಟುಮಾಡುವುದು ಇಲ್ಲಿಯೇ. ದೇಹದ ಚೂರಿನಲ್ಲಿರುವ ಪ್ಲಾಸ್ಟಿಕ್ಕನ್ನು ಅಳೆಯಲು ಅದನ್ನು ಗಾಳಿಯಿಲ್ಲದೆ ತೀವ್ರವಾಗಿ ಕಾಯಿಸುತ್ತಾರೆ. ಸರಪಣಿಗಳು ತುಂಡಾಗಿ ಆವಿಯಾಗುತ್ತವೆ. ಆ ತುಂಡುಗಳನ್ನು ತೂಗಿ ಮೂಲವಸ್ತುವನ್ನು ಊಹಿಸುತ್ತಾರೆ. ಆದರೆ ಕೊಬ್ಬನ್ನು ಕಾಯಿಸಿದರೂ ಬಹುಮಟ್ಟಿಗೆ ಅಂತಹವೇ ತುಂಡುಗಳು ದೊರೆಯುತ್ತವೆ! 2025ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದವರು, ಮೃತರ ಮೆದುಳಿನಲ್ಲಿ ಪಿತ್ತಜನಕಾಂಗಕ್ಕಿಂತಲೂ ಮೂತ್ರಪಿಂಡಕ್ಕಿಂತಲೂ ಹೆಚ್ಚು ಪ್ಲಾಸ್ಟಿಕ್ ಇದೆಯೆಂದೂ, 2016ರ ಮಾದರಿಗಳಿಗಿಂತ 2024ರ ಮಾದರಿಗಳಲ್ಲಿ ಅದು ಅಧಿಕವಾಗಿದೆಯೆಂದೂ ಪ್ರಕಟಿಸಿದರು. ತಲೆಯೊಳಗೆ ಒಂದು ಚಮಚದ ತೂಕದಷ್ಟು ಪ್ಲಾಸ್ಟಿಕ್ ಎಂದು ಪತ್ರಿಕೆಗಳು ಸಾರಿದವು. ನೀರನ್ನು ಕಳೆದರೆ ಮೆದುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬೇ ಇರುವುದರಿಂದ, ಅಳೆದುದು ಪ್ಲಾಸ್ಟಿಕ್ಕನ್ನೋ ಕೊಬ್ಬಿನ ಶೇಷವನ್ನೋ ಎಂದು ಇತರ ವಿಜ್ಞಾನಿಗಳು ಆಕ್ಷೇಪವೆತ್ತಿದರು. ಕೊಬ್ಬನ್ನು ಮೊದಲೇ ಕ್ಷಾರದಿಂದ ಕರಗಿಸಿ ಕಳೆದಿದ್ದೇವೆಂಬುದು ಮೊದಲಿನವರ ವಾದ. ಚಮಚದ ಲೆಕ್ಕವನ್ನು ಸದ್ಯಕ್ಕೆ ಬದಿಗಿಡುವುದೇ ಲೇಸೆಂದು ನಮಗೆ ತೋರುತ್ತದೆ. ಇಟಲಿಯ ವರದಿಗೂ ಈ ಆಕ್ಷೇಪ ತಗಲುತ್ತದೆ. ಆದರೆ ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊನಚಂಚಿನ ಕಣಗಳು ಕಣ್ಣಿಗೇ ಬಿದ್ದಿದ್ದವು. ಕೆಲವು ಕಣಗಳಲ್ಲಿ ಪಿ. ವಿ. ಸಿ.ಯ ಘಟಕವಾದ ಕ್ಲೋರಿನ್ ಕೂಡ ಇದ್ದಿತು. ಕೊಬ್ಬಿನ ಘಟಕಗಳಲ್ಲಿ ಕ್ಲೋರಿನ್ನಿಗೆ ಎಡೆಯಿಲ್ಲ.

ವೈದ್ಯರು ಹೀಗೆ ಅಳೆಯುತ್ತಿರುವಾಗ ವಸ್ತುವಿಜ್ಞಾನಿಗಳೂ ಸುಮ್ಮನಿಲ್ಲ. ಜಪಾನಿನ ಸಕಾಯ್ ಪಟ್ಟಣದ ಬಾಟಲಿ ಸಂಗ್ರಹಣಾಲಯದ ಬಳಿಯಿಂದ ತಂದ ಮಾದರಿಗಳಲ್ಲಿ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು ತಿಂದು ಬದುಕುವ ಬ್ಯಾಕ್ಟೀರಿಯವೊಂದು ದೊರೆಯಿತೆಂದು 2016ರಲ್ಲಿ ಪ್ರಕಟವಾಯಿತು. ತೆಳುವಾದ ಹಾಳೆಯನ್ನು ಮುಗಿಸಲು ಅದಕ್ಕೆ 6 ವಾರಗಳು ಬೇಕಾದವು. ಎಲೆಗೊಬ್ಬರದಲ್ಲಿ ದೊರೆತ ಬೇರೊಂದು ಕಿಣ್ವವನ್ನು ತಿದ್ದಿ ಬಲಪಡಿಸಿದ ಫ್ರಾನ್ಸಿನ ವಿಜ್ಞಾನಿಗಳು 2020ರಲ್ಲಿ 72 ಡಿಗ್ರಿ ಶಾಖದಲ್ಲಿ 10 ಗಂಟೆಗಳೊಳಗೆ ನೂರಕ್ಕೆ 90 ಭಾಗವನ್ನು ಒಡೆದು ತೋರಿಸಿದರು. ಆದರೆ ಬಾಟಲಿಯ ಸರಪಣಿಯಲ್ಲಿ ನಡುನಡುವೆ ಆಮ್ಲಜನಕದ ಕೊಂಡಿಗಳಿವೆ. ಎಲೆಯ ಮೇಲ್ಪೊರೆಯಲ್ಲಿಯೂ ಅಂತಹವುಂಟು. ಕಿಣ್ವ ಕಡಿಯುವುದು ಅವುಗಳನ್ನೇ. ಚೀಲದ ಪಾಲಿಥೀನಿನಲ್ಲಿ ಅಂತಹ ಸಂದು ಒಂದೂ ಇಲ್ಲ.

ಹಳೆಯ ವಸ್ತುವನ್ನು ಒಡೆಯುವ ಬದಲು ಹೊಸ ವಸ್ತುವನ್ನೇ ಮಾಡಿದರೇನೆಂದು ಹೊರಟವರು ಜಪಾನಿನ ತಕುಜೊ ಐದಾ. 2024ರ ನವೆಂಬರಿನಲ್ಲಿ ಅವರ ತಂಡ ಪ್ರಕಟಿಸಿದ ಪ್ಲಾಸ್ಟಿಕ್ಕಿನಲ್ಲಿ ಘಟಕಗಳನ್ನು ಹಿಡಿದಿರುವುದು ಧನ ಋಣ ವಿದ್ಯುದಂಶಗಳ ಆಕರ್ಷಣೆ. ಘಟಕಗಳಲ್ಲೊಂದು ಆಹಾರಪದಾರ್ಥಗಳಿಗೂ ಬೆರೆಸುವ ಒಂದು ಫಾಸ್ಫೇಟ್ ಲವಣ. ಎರಡನ್ನೂ ನೀರಿನಲ್ಲಿ ಕೂಡಿಸಿದಾಗ ಮಂದವಾದ ಪದರವೊಂದು ಕೆಳಗೆ ಬೇರೆಯಾಗುತ್ತದೆ. ಅವುಗಳೊಡನಿದ್ದ ಉಪ್ಪು ಮೇಲಿನ ನೀರಿಗೆ ಹೊರಟುಹೋಗುತ್ತದೆ. ಆ ಪದರವನ್ನು ಒಣಗಿಸಿದರೆ ಗಟ್ಟಿಯಾದ, ಪಾರದರ್ಶಕವಾದ ಹಾಳೆ. ಹೋದ ಉಪ್ಪು ಮರಳಿ ಬಂದರೆ ಹಿಡಿತ ಸಡಿಲುತ್ತದೆ. ಕಡಲಿನಲ್ಲಿ ಉಪ್ಪಿಗೇನು ಕೊರತೆ? ಅಲ್ಲಿ ಹಾಳೆ ಕೆಲವೇ ಗಂಟೆಗಳಲ್ಲಿ ಕರಗಿತು. ಮಣ್ಣಿನಲ್ಲಿ ಹೂತದ್ದು 10 ದಿನಗಳಲ್ಲಿ ಇಲ್ಲವಾಗಿ ಗೊಬ್ಬರದಂಶವನ್ನು ಬಿಟ್ಟಿತು. ಬಳಸುವಾಗ ಕರಗದಂತೆ ಅದಕ್ಕೆ ನೀರು ಹಿಡಿಯದ ಲೇಪನವನ್ನು ಕೊಡಬೇಕು. ಆ ಲೇಪನದ ಮೇಲೆ ಒಂದು ಗೀರು ಬಿದ್ದರೂ ಉಪ್ಪುನೀರು ಒಳಹೊಕ್ಕು ತನ್ನ ಕೆಲಸವನ್ನಾರಂಭಿಸುತ್ತದೆ. ನಮ್ಮ ಮನೆಗಳ ಉಪ್ಪಿನಕಾಯಿಯನ್ನಂತೂ ಅದರಲ್ಲಿ ತುಂಬಿಡುವ ಧೈರ್ಯ ನಮಗಿಲ್ಲ. ಅದಕ್ಕೆ ಪಿಂಗಾಣಿಯ ಜಾಡಿಯೇ ಇರಲಿ.