ನಮ್ಮೂರ ಅಂಗಡಿಗೆ ಪ್ರಾಯೋಜಕರು ಬೇಕೆ?

ದೂರದರ್ಶನದಲ್ಲಿ ‘ಈ ಕಾರ್ಯಕ್ರಮದ ಪ್ರಾಯೋಜಕರು...’ ಎಂಬ ದನಿ ಕೇಳಿಸಿದ ಕೂಡಲೇ ನೀವು ನೀರು ಕುಡಿಯಲು ಏಳುತ್ತೀರಿ. ಕಾರ್ಯಕ್ರಮ ನಿರ್ಮಾಪಕನಾದ ನನಗೆ ಆ ಸೌಲಭ್ಯವಿಲ್ಲ. ದೂರದರ್ಶನಕ್ಕೆ ಜಾಹೀರಾತು ಕಾಲಿಟ್ಟದ್ದು 1976ರ ಜನವರಿ 1ರಂದು. 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿ ಬಂದಾಗ ಅದರ ಬೆನ್ನಿಗೆ ಮ್ಯಾಗಿ ನೂಡಲ್ಸ್ ತಯಾರಿಸುವ ಕಂಪನಿ ನಿಂತಿತ್ತು. ಧಾರಾವಾಹಿ ಮುಗಿಯಿತು, ನೂಡಲ್ಸ್ ಮಾತ್ರ ಇಂದಿಗೂ ಕಡೂರಿನ ಕಿರಾಣಿ ಅಂಗಡಿಯಲ್ಲಿ ತೂಗುತ್ತಿದೆ. ಪ್ರಾಯೋಜಕರೆಂದರೆ ಯಾರು, ಅವರಿಗೆ ಏನು ಬೇಕು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪಾಠ ನನಗೆ ತಿಳಿಯದು.

ಈಗ ವಿಷಯಕ್ಕೆ ಬರೋಣ. ಕಡೂರು, ತರೀಕೆರೆ, ಅಜ್ಜಂಪುರದ ನೀವು ಕೆಲವು ಮಂದಿ ಗೆಳೆಯರು ಸೇರಿ ‘ನಮ್ಮೂರಲ್ಲೇ ಕೊಳ್ಳೋಣ’ ಎಂಬ ಪ್ರಚಾರ ಆರಂಭಿಸುತ್ತೀರಿ ಎಂದುಕೊಳ್ಳಿ. ನಿಮ್ಮಲ್ಲಿ ಕೆಲವರ ಮನೆಯ ಊಟವೇ ಪೇಟೆಬೀದಿಯ ಒಂದು ಬಟ್ಟೆ ಅಂಗಡಿಯಿಂದಲೋ ಪಾತ್ರೆ ಅಂಗಡಿಯಿಂದಲೋ ಬರುತ್ತಿರಬಹುದು. ಬೆರಳ ತುದಿಯಲ್ಲಿ ಫೋನಿನಿಂದ ಸಾಮಾನು ತರಿಸುವ ಕಾಲದಲ್ಲಿ ಆ ಅಂಗಡಿಯ ಬಾಗಿಲು ಎಷ್ಟು ದಿನ ತೆರೆದಿರುತ್ತದೆ ಎಂಬುದು ಅಂಥ ಮನೆಯಲ್ಲಿ ರಾತ್ರಿ ಊಟದ ಹೊತ್ತಿನ ಮಾತು. ಆದರೆ ಪ್ರಚಾರಕ್ಕೆ ಕರಪತ್ರ ಬೇಕು, ಚೀಲ ಬೇಕು, ಒಂದೆರಡು ಸಭೆ ಆಗಬೇಕು. ದುಡ್ಡು ಎಲ್ಲಿಂದ? ‘ದೊಡ್ಡ ಕಂಪನಿಯೊಂದನ್ನು ಕೇಳೋಣ’ ಎಂದು ಒಬ್ಬರು ಹೇಳಿಯೇ ಹೇಳುತ್ತಾರೆ.

ಕೇಳುವ ಮೊದಲು, ನಿಮ್ಮ ಕೈಯಲ್ಲಿರುವ ಸರಕೇನು ಎಂಬುದು ನಿಮಗೆ ಗೊತ್ತಿರಬೇಕು. ನಾನು ವಿಜ್ಞಾನ ಓದಿದವನಾದ್ದರಿಂದ ಲೆಕ್ಕದಿಂದ ಶುರು ಮಾಡುತ್ತೇನೆ. ನಿಮ್ಮ ಸೀಮೆಯ ಕೆರೆಗಳನ್ನು ನೆನೆಯಿರಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ನಡುವೆ ಏರಿ ಸೋರಿದರೆ ಕೆಳಗಿನವರಿಗೆ ಇಲ್ಲ. ಹಣದ ನಡೆಯೂ ಹೀಗೆಯೇ. ನೀವು ಅಂಗಡಿಯಲ್ಲಿ 100 ರೂಪಾಯಿ ಕೊಟ್ಟಿರಿ. ಅದರಲ್ಲಿ 60 ರೂಪಾಯಿ ಊರಿನೊಳಗೇ ಮತ್ತೆ ಖರ್ಚಾಗುತ್ತದೆ ಎನ್ನೋಣ: ಆಳಿನ ಸಂಬಳ, ಕಟ್ಟಡದ ಬಾಡಿಗೆ, ಪಕ್ಕದ ಹೋಟೆಲಿನ ಕಾಫಿ. ಆ 60ರಲ್ಲಿ ಮತ್ತೆ ನೂರಕ್ಕೆ 60ರಂತೆ 36, ಮುಂದೆ 21 ರೂಪಾಯಿ 60 ಪೈಸೆ. ಈ ಗುಣೋತ್ತರ ಶ್ರೇಢಿಯನ್ನು ಕೊನೆಯವರೆಗೆ ಕೂಡಿದರೆ 250 ರೂಪಾಯಿಯ ವ್ಯವಹಾರ. ಒಳಗೆ ಉಳಿಯುವ ಪಾಲು ನೂರಕ್ಕೆ 20 ಮಾತ್ರವಾದರೆ ಮೊತ್ತ 125ಕ್ಕೇ ನಿಲ್ಲುತ್ತದೆ. ಪಿಯುಸಿ ಗಣಿತದ ಸೂತ್ರ ಪರೀಕ್ಷೆಯ ಹೊರಗೂ ಬದುಕಿರುವುದಕ್ಕೆ ಇದೊಂದು ನಿದರ್ಶನ.

ಈ 60, ಈ 20 ನಾನು ವಿವರಣೆಗಾಗಿ ಇಟ್ಟುಕೊಂಡ ಸಂಖ್ಯೆಗಳು. ನಿಜವಾಗಿ ಅಳೆದವರೂ ಇದ್ದಾರೆ. ಅಮೆರಿಕದ ಆಸ್ಟಿನ್ ನಗರದಲ್ಲಿ 2002ರಲ್ಲಿ, ಬಾರ್ಡರ್ಸ್ ಎಂಬ ಸರಣಿ ಪುಸ್ತಕ ಮಳಿಗೆ ಎರಡು ಸ್ಥಳೀಯ ಅಂಗಡಿಗಳ ಎದುರಿಗೇ ಬರಲಿದ್ದಾಗ ಒಂದು ಅಧ್ಯಯನ ನಡೆಯಿತು. ಗಿರಾಕಿ ಕೊಟ್ಟ 100 ಡಾಲರಿಗೆ ಸ್ಥಳೀಯ ಅಂಗಡಿಯಿಂದ ಊರಿಗೆ ಸುಮಾರು 45 ಡಾಲರಿನ ಪ್ರಯೋಜನ, ಸರಣಿ ಮಳಿಗೆಯಿಂದ ಸುಮಾರು 13 ಡಾಲರಿನದು ಎಂದು ಅದು ಹೇಳಿತು. ಅಧ್ಯಯನ ಮಾಡಿಸಿದ್ದು ಸ್ಥಳೀಯ ಅಂಗಡಿಗಳ ಪರವಾಗಿದ್ದ ನಾಗರಿಕ ಸಂಘಟನೆ ಎಂಬುದನ್ನೂ ನೀವು ಗಮನದಲ್ಲಿಡಬೇಕು. ಆ ಸಂಖ್ಯೆಗಳನ್ನು ಎತ್ತಿ ಕಡೂರಿಗೆ ಅಂಟಿಸುವಂತಿಲ್ಲ.

ಅಂಟಿಸಬಾರದೆಂಬುದಕ್ಕೆ ಇನ್ನೊಂದು ಕಾರಣವಿದೆ. ಊರಿನ ಅಂಗಡಿ ಎಂದ ಮಾತ್ರಕ್ಕೆ ಒಳಗಿರುವ ಸರಕೆಲ್ಲ ಊರಿನದಲ್ಲ. ಹೊರಗಿನಿಂದ ಬಂದ ಸಾಬೂನನ್ನು ತರೀಕೆರೆಯಲ್ಲಿ ಕೊಂಡರೆ ಊರಲ್ಲಿ ಉಳಿಯುವುದು ಅಂಗಡಿಯವರ ಸಣ್ಣ ಲಾಭಾಂಶ ಮಾತ್ರ. ಕಡೂರಿನ ರಾಗಿ, ತೆಂಗಿನಕಾಯಿ, ಅಜ್ಜಂಪುರದ ಈರುಳ್ಳಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾಡಿದ ಚಟ್ನಿಪುಡಿ ಕೊಂಡರೆ ಬಹುಪಾಲು ಉಳಿಯುತ್ತದೆ. ಆದ್ದರಿಂದ ನಿಮ್ಮ ಮೊದಲ ಕೆಲಸ ಪ್ರಾಯೋಜಕರನ್ನು ಹುಡುಕುವುದಲ್ಲ. ನೋಟ್‌ಬುಕ್ ಹಿಡಿದು ಒಂದು ಬೀದಿಯ ಅಂಗಡಿಗಳನ್ನೆಲ್ಲ ಎಣಿಸಿ, ಯಾವ ಸರಕು ಎಲ್ಲಿಂದ ಬಂತೆಂದು ಕೇಳಿ ಬರೆದುಕೊಳ್ಳುವುದು. ಆ ಪುಟಗಳೇ ಮುಂದೆ ನಿಮ್ಮ ಬಂಡವಾಳ. ಹಣ ಕೊಡುವವರ ಬಳಿ ಅಂಥ ಮಾಹಿತಿ ಇರುವುದಿಲ್ಲ.

ಇನ್ನು ಕೊಡುವವರ ಕಡೆ ನೋಡೋಣ. ಸ್ಥಳೀಯ ಅಂಗಡಿಗಳ ಪ್ರಚಾರಕ್ಕೆ ದೊಡ್ಡ ಕಂಪನಿ ನಿಂತ ಹೆಸರಾಂತ ಉದಾಹರಣೆ ಅಮೆರಿಕದ್ದೇ. 2010ರ ನವೆಂಬರ್ 27ರ ಶನಿವಾರವನ್ನು ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕಾರ್ಡ್ ಕಂಪನಿ ‘ಸಣ್ಣ ವ್ಯಾಪಾರಿಗಳ ಶನಿವಾರ’ ಎಂದು ಕರೆಯಿತು. ಸಣ್ಣ ಅಂಗಡಿಯಲ್ಲಿ ತನ್ನ ಕಾರ್ಡ್ ಬಳಸಿ ಕೊಂಡವರಿಗೆ 25 ಡಾಲರ್ ವಾಪಸು ಕೊಟ್ಟಿತು. ಆ ದಿನ ಅಲ್ಲಿ ಪ್ರತಿವರ್ಷದ ಆಚರಣೆಯಾಯಿತು, 2013ರಲ್ಲಿ ಬ್ರಿಟನ್ನಿಗೂ ಹೋಯಿತು. ಸಣ್ಣ ಅಂಗಡಿಗಳಿಗೆ ಗಿರಾಕಿಗಳು ಬಂದರು, ಸಂತೋಷ. ಆದರೆ ‘ನಿಮ್ಮ ಕಾರ್ಡಿನ ಕಮಿಷನ್ ಬೇರೆಯವರಿಗಿಂತ ಜಾಸ್ತಿ’ ಎಂದು ಆ ಕಂಪನಿಯ ಮೇಲೆ ಬಹುಕಾಲದಿಂದ ಗೊಣಗುತ್ತಿದ್ದವರೂ ಇದೇ ಸಣ್ಣ ಅಂಗಡಿಯವರು! ವಾಪಸು ಹಣ ಸಿಗಬೇಕಾದರೆ ಅಂಗಡಿಯಲ್ಲಿ ಆ ಕಾರ್ಡ್ ನಡೆಯಲೇಬೇಕು. ಇದನ್ನು ಮೋಸ ಎಂದು ನಾನು ಹೇಳುವುದಿಲ್ಲ. ಇಬ್ಬರಿಗೂ ಲಾಭವಾದ ವ್ಯವಹಾರ, ಆದರೆ ವ್ಯವಹಾರ.

ನಮ್ಮಲ್ಲಿ ಹಲವರು ಪ್ರಾಯೋಜನೆಯನ್ನೂ ‘ಸಿಎಸ್‌ಆರ್’ ಹಣವನ್ನೂ ಒಂದೇ ಎಂದು ತಿಳಿದು ಅರ್ಜಿ ಗುಜರಾಯಿಸುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2013ರ ಕಂಪನಿ ಕಾಯ್ದೆಯ 135ನೆಯ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚಮಾಡಬೇಕು. ತಾನು ಕೆಲಸಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದರೆ ತನ್ನ ಸರಕಿನ ಮಾರಾಟಕ್ಕೆ ಅನುಕೂಲವಾಗಲೆಂದು ಮಾಡುವ ಪ್ರಾಯೋಜನೆ ಈ ಲೆಕ್ಕಕ್ಕೆ ಸೇರದು ಎಂದು 2021ರ ನಿಯಮಗಳು ಸ್ಪಷ್ಟಪಡಿಸಿದವು. ಅರ್ಥವೇನು? ನಿಮ್ಮ ಚೀಲದ ಮೇಲೆ ಕಂಪನಿಯ ಹೆಸರು ಹಾಕಿಸಿ ಕೇಳುವ ಹಣ ಅವರ ಜಾಹೀರಾತು ವಿಭಾಗದಿಂದ ಬರಬೇಕು. ಸ್ವಸಹಾಯ ಸಂಘಕ್ಕೆ ತರಬೇತಿ, ಜೀವನೋಪಾಯ, ಕರಕುಶಲ ಕಲೆ ಎಂದು ಕೇಳುವುದಾದರೆ ಸಾಮಾಜಿಕ ವಿಭಾಗದ ಬಾಗಿಲು ತಟ್ಟಬಹುದು. ಅಲ್ಲಿಯೂ ಹಣ ನಿಮ್ಮ ಕೈಗೆ ಬಾರದು. ನೋಂದಾಯಿತ ಟ್ರಸ್ಟ್ ಅಥವಾ ಸಂಘವಿರಬೇಕು, ಸರಕಾರದಲ್ಲಿ ಸಿಎಸ್‌ಆರ್-1 ನೋಂದಣಿ ಆಗಿರಬೇಕು, ಮೂರು ವರ್ಷ ಇಂಥ ಕೆಲಸ ಮಾಡಿದ ಅನುಭವ ಅದಕ್ಕೆ ಬೇಕು. ವಿದ್ಯಾರ್ಥಿಗಳ ಗುಂಪು ಇಂಥದೊಂದು ಸಂಸ್ಥೆಯ ಜೊತೆಗೂಡುವುದೇ ಸರಿ.

ತಪ್ಪು ಬಾಗಿಲು ತಟ್ಟಿ ಆರು ತಿಂಗಳು ಕಾದವರನ್ನು ನಾನು ಕಂಡಿದ್ದೇನೆ. ಇಲ್ಲ ಎಂದು ಕೂಡ ಯಾರೂ ಉತ್ತರ ಬರೆಯುವುದಿಲ್ಲ.

ಹಾಗಾದರೆ ಯಾರನ್ನು ಕೇಳುವುದು? ಮನೆಗೆ ಸಾಮಾನು ತಂದುಕೊಡುವ ಜಾಲತಾಣ ಹಣ ಕೊಡಲು ಬಂದರೂ ಬೇಡ, ನಿಮ್ಮ ಮಾತಿಗೆ ಬೆಲೆ ಉಳಿಯದು. ಊರು ಬೆಳೆದರೆ ತಾನೂ ಬೆಳೆಯುವಂಥವರನ್ನು ಹುಡುಕಿ. ಬ್ಯಾಂಕುಗಳು, ಅಡಿಕೆ ಬೆಳೆಗಾರರ ಸಹಕಾರ ಸಂಘಗಳು, ಹಾಲು ಒಕ್ಕೂಟ ಇವೆಲ್ಲ ಅಂಥವು. ಸಹಕಾರ ಸಂಘ ಕಂಪನಿಯಲ್ಲವಾದ್ದರಿಂದ 135ನೆಯ ಕಲಮಿನ ತೊಡಕೂ ಅಲ್ಲಿಲ್ಲ. ನಮ್ಮ ‘ನಂದಿನಿ’ಯನ್ನು ನೋಡಿ. 2024ರ ಟಿ-20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಅದು ಪ್ರಾಯೋಜಕ! ಅದಕ್ಕೂ ಒಂದು ವರ್ಷ ಮೊದಲು, 2023ರ ಏಪ್ರಿಲಿನಲ್ಲಿ, ಅಮುಲ್ ಹಾಲು ಬೆಂಗಳೂರಿಗೆ ಬರುವ ಸುದ್ದಿ ಎದ್ದಾಗ ನಗರದ ಹೋಟೆಲು ಮಾಲೀಕರ ಸಂಘ ‘ನಾವು ನಂದಿನಿಯನ್ನೇ ಬಳಸೋಣ’ ಎಂದು ಕರೆ ಕೊಟ್ಟಿತು. ಆ ಪ್ರಚಾರಕ್ಕೆ ಬೇಕಾಗಿದ್ದುದು ಒಂದು ಹೇಳಿಕೆ, ಅಷ್ಟೇ. ಎಲ್ಲಕ್ಕೂ ಹಣವೇ ಬೇಕೆಂದೇನಿಲ್ಲ ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳಿ.

‘ಪ್ರಾಯೋಜಕ’ ಎಂಬ ಪದ ನಿಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕಿಗೆ ಕಾರ್ಪೊರೇಷನ್ ಬ್ಯಾಂಕು ಪ್ರಾಯೋಜಕ ಬ್ಯಾಂಕಾಗಿತ್ತು. ಗ್ರಾಮೀಣ ಬ್ಯಾಂಕುಗಳ ಬಂಡವಾಳದಲ್ಲಿ ಕೇಂದ್ರದ್ದು ನೂರಕ್ಕೆ 50, ರಾಜ್ಯದ್ದು 15, ಉಳಿದ 35 ಪ್ರಾಯೋಜಕರದು. ಇಲ್ಲಿ ಪ್ರಾಯೋಜಕ ಎಂದರೆ ಪಾಲುದಾರ. ಆ ಗ್ರಾಮೀಣ ಬ್ಯಾಂಕು 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಯಿತು, ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಬ್ಯಾಂಕಿನ ಗತಿಯೇ ಹೀಗಿರುವಾಗ ಒಬ್ಬರೇ ಪ್ರಾಯೋಜಕರನ್ನು ನಂಬಿ ಕೂರುವುದು ಹೇಗೆ? ನೂರು ಅಂಗಡಿಯವರು ತಲಾ 200 ರೂಪಾಯಿ ಕೊಟ್ಟರೆ 20,000 ಆಯಿತು. ಮೊದಲು ಅದನ್ನು ಕೂಡಿಸಿ. ಅಂಗಡಿಯವರೇ ಕೈಬಿಚ್ಚದ ಪ್ರಚಾರಕ್ಕೆ ಬೆಂಗಳೂರಿನವರು ಯಾಕೆ ಕೊಟ್ಟಾರು?

ಹಣ ಸಿಕ್ಕಮೇಲಿನ ತೊಂದರೆಯೇ ನನಗೆ ಹೆಚ್ಚು ಪರಿಚಿತ. ಮಕ್ಕಳ ವಿಜ್ಞಾನ ಕಾರ್ಯಕ್ರಮವೊಂದನ್ನು ನಾನು ತಯಾರಿಸುತ್ತಿದ್ದಾಗ, ಪ್ರಾಯೋಜಕರು ತಮ್ಮ ಪಾನೀಯದ ಡಬ್ಬಿ ಪ್ರಯೋಗದ ಮೇಜಿನ ಮೇಲೆ ಸದಾ ಕಾಣುತ್ತಿರಬೇಕೆಂದರು. ಆಮ್ಲ, ಪ್ರತ್ಯಾಮ್ಲಗಳ ಪಕ್ಕದಲ್ಲಿ ಕುಡಿಯುವ ಡಬ್ಬಿ! ಪ್ರಯೋಗಶಾಲೆಯ ಮೊದಲ ನಿಯಮವನ್ನೇ ಮುರಿದಂತಾಗುತ್ತದೆ ಎಂದು ನಾನು ಒಪ್ಪಲಿಲ್ಲ. ಬಾಯಿಮಾತಿನಲ್ಲಿ ಎಲ್ಲ ಮುಗಿಸಿಕೊಂಡದ್ದರಿಂದ ತೋರಿಸಲು ಕಾಗದವಿರಲಿಲ್ಲ. ಅವರು ಹೋದರು, ಆರು ಕಂತುಗಳು ನಿಂತವು. ತಪ್ಪಿನಲ್ಲಿ ಅರ್ಧ ನನ್ನದು.

ನಿಮಗೆ ಬರುವ ಷರತ್ತು ಬೇರೆ ರೂಪದ್ದು. ಬೆಂಗಳೂರು-ಹೊನ್ನಾವರ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದುಹೋಗುತ್ತದೆ. ಅಜ್ಜಂಪುರ ಬೀರೂರು-ಚಿಕ್ಕಜಾಜೂರು ರೈಲುದಾರಿಯಲ್ಲಿ, ಒಳಗೆ ಇದೆ. ಪ್ರಾಯೋಜಕರು ಹೆದ್ದಾರಿಯ ಕಣ್ಣುಗಳನ್ನು ಎಣಿಸುತ್ತಾರೆ. ‘ಅಜ್ಜಂಪುರ ಮುಂದಿನ ವರ್ಷ ನೋಡೋಣ’ ಎನ್ನುತ್ತಾರೆ. ಮೂರೂ ಊರು ಸೇರಿದ್ದರೆ ಮಾತ್ರ ಎಂದು ಮೊದಲ ಪತ್ರದಲ್ಲೇ ಬರೆಯಿರಿ. ಪತ್ರ ಒಂದು ಪುಟ ಮೀರದಿರಲಿ: ಎಷ್ಟು ಅಂಗಡಿ, ಅಂಗಡಿಯವರೇ ಕೂಡಿಸಿದ್ದೆಷ್ಟು, ಕೇಳುತ್ತಿರುವುದೆಷ್ಟು, ಅವರ ಹೆಸರು ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ, ಖರ್ಚಿನ ಲೆಕ್ಕ ಯಾವ ದಿನ ಕೈಸೇರುತ್ತದೆ.

ಫ್ಲೆಕ್ಸ್ ಹಾಕಿಸಿಕೊಡುತ್ತೇವೆ ಎಂದರೆ, ಕರ್ನಾಟಕದಲ್ಲಿ 2016ರಲ್ಲೇ ಅದನ್ನು ನಿಷೇಧಿಸಲಾಗಿದೆ ಎಂದು ನೆನಪಿಸಿ. ಚೀಲ ಕೊಡುತ್ತೇವೆ ಎಂದರೆ ಎಲ್ಲಿ ಹೊಲಿದದ್ದು ಎಂದು ಕೇಳಿ. ನಮ್ಮೂರಲ್ಲೇ ಕೊಳ್ಳಿ ಎಂದು ಅಚ್ಚಾದ ಚೀಲ ಹೊರರಾಜ್ಯದಿಂದ ಲಾರಿಯಲ್ಲಿ ಬಂದಿಳಿದರೆ ಕಡೂರಿನ ದರ್ಜಿ ನಕ್ಕಾನು. ಅದೇ ಹಣವನ್ನು ಅವನಿಗೇ ಕೊಟ್ಟು, ಹತ್ತಿ ಬಟ್ಟೆಯ ಚೀಲ ಹೊಲಿಸಿ, ಹೊಲಿದವರ ಊರಿನ ಹೆಸರನ್ನು ಒಂದು ಬದಿಗೆ, ಪ್ರಾಯೋಜಕರ ಹೆಸರನ್ನು ಇನ್ನೊಂದು ಬದಿಗೆ ಅಚ್ಚುಹಾಕಿಸಬಹುದು. ಅಕ್ಷರಗಳ ಗಾತ್ರ ಎಷ್ಟಿರಬೇಕೆಂಬುದನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.