ಸ್ವತಂತ್ರ ವೃತ್ತಿಗೆ ಮುನ್ನ ವೈದ್ಯನ ಪರೀಕ್ಷೆ

ಚನ್ನಗಿರಿಯ ಅಡಿಕೆ ತೋಟದ ಕೂಲಿಯಾಗಲಿ, ಹೊನ್ನಾಳಿ, ನ್ಯಾಮತಿಗಳ ರೈತನಾಗಲಿ, ಜಗಳೂರಿನ ಕುರಿಗಾಹಿಯಾಗಲಿ, ದೇಹಕ್ಕೆ ತೊಂದರೆಯಾದಾಗ ಮೊದಲು ಹೋಗುವುದು ಊರಿನ ಪರಿಚಿತ ವೈದ್ಯರ ಬಳಿಗೆ. ದಾವಣಗೆರೆಯ ದೊಡ್ಡ ಆಸ್ಪತ್ರೆಗಳ ಮಾತು ಆಮೇಲಿನದು. ಈ ಮೊದಲ ವೈದ್ಯರ ಪಕ್ಕದಲ್ಲಿ ತಜ್ಞರಿರುವುದಿಲ್ಲ, ಯಂತ್ರೋಪಕರಣಗಳೂ ಕಡಿಮೆ. ಕಾಯಿಲೆ ಇಲ್ಲಿಯೇ ವಾಸಿಯಾಗುವಂಥದೋ, ರೋಗಿಯನ್ನು ಈಗಲೇ ಮುಂದಕ್ಕೆ ಕಳುಹಿಸಬೇಕೋ ಎಂಬುದನ್ನು ಅವರು ಕೆಲವೇ ನಿಮಿಷಗಳಲ್ಲಿ ನಿರ್ಣಯಿಸಬೇಕು. ಇಂತಹ ಹೊಣೆಯನ್ನು ಒಬ್ಬ ತರುಣನ ಹೆಗಲಿಗೆ ಹೊರಿಸುವ ಮುನ್ನ ಅವನು ಸಿದ್ಧನಾಗಿದ್ದಾನೆಂದು ತಿಳಿಯುವುದು ಹೇಗೆ? "ಮಗ ಎಲ್ಲ ಪರೀಕ್ಷೆ ಪಾಸಾಗಿದ್ದಾನೆ, ಇನ್ನೂ ಬೋರ್ಡು ಹಾಕಲು ಬಿಡುತ್ತಿಲ್ಲವಲ್ಲ" ಎಂದು ಕೇಳುವ ತಂದೆತಾಯಿಯರಿಗೆ ಉತ್ತರವಾಗಿ ಈ ಲೇಖನ.

ಪ್ರಶ್ನೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಶಿಷ್ಯನ ಕೈಗೆ ಮೊದಲು ರೋಗಿಯನ್ನು ಕೊಡುವುದಿಲ್ಲ. ಕುಂಬಳ, ಸೋರೆ, ಸೌತೆಗಳನ್ನು ಕೊಡುತ್ತದೆ. ಛೇದನವನ್ನು ಅವುಗಳ ಮೇಲೆ ಕಲಿಯಬೇಕು. ಪಟ್ಟಿ ಕಟ್ಟುವುದನ್ನು ಬಟ್ಟೆಯ ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕು. ಹತ್ತನೆಯ ಅಧ್ಯಾಯವು ವೃತ್ತಿಪ್ರವೇಶದ ನಿಯಮಗಳನ್ನೇ ಹೇಳುತ್ತದೆ: ಶಾಸ್ತ್ರವನ್ನು ಓದಿ, ಅರ್ಥವನ್ನು ಗ್ರಹಿಸಿ, ಕರ್ಮವನ್ನು ಕಂಡು, ತಾನೇ ಮಾಡಿ, ಬಳಿಕ ರಾಜನ ಅನುಮತಿ ಪಡೆದವನು ಮಾತ್ರ ಚಿಕಿತ್ಸೆಗಾಗಿ ಬೀದಿಗಿಳಿಯಬಹುದು. ಚರಕರೂ ವೈದ್ಯನ ನಾಲ್ಕು ಗುಣಗಳಲ್ಲಿ ಶಾಸ್ತ್ರಜ್ಞಾನದ ಜೊತೆಗೆ ಬಹುವಾಗಿ ಕಂಡ ಅನುಭವ, ದಕ್ಷತೆ ಮತ್ತು ಶುಚಿತ್ವಗಳನ್ನು ಎಣಿಸಿದ್ದಾರೆ.

ಇಂದಿನ ವ್ಯವಸ್ಥೆಯ ಹಂತಗಳೂ ಬಹುಮಟ್ಟಿಗೆ ಇವೇ. ಎಂ.ಬಿ.ಬಿ.ಎಸ್. ಆಗಲಿ, ನಮ್ಮ ಬಿ.ಎ.ಎಂ.ಎಸ್. ಆಗಲಿ, ನಾಲ್ಕೂವರೆ ವರ್ಷ ಓದು, ಅನಂತರ 1 ವರ್ಷ ಇಂಟರ್ನ್‌ಶಿಪ್. ಈ ವರ್ಷದಲ್ಲಿ ಎಂ.ಬಿ.ಬಿ.ಎಸ್. ಅಭ್ಯರ್ಥಿಗೆ ತಾತ್ಕಾಲಿಕ ನೋಂದಣಿ ಮಾತ್ರ ಇರುತ್ತದೆ. ವಿಭಾಗದಿಂದ ವಿಭಾಗಕ್ಕೆ ಹೋಗುತ್ತಾ, ಮಾಡಿದ ಕೆಲಸವನ್ನು ದಾಖಲೆ ಪುಸ್ತಕದಲ್ಲಿ ಬರೆದು ಹಿರಿಯರ ಸಹಿ ಪಡೆಯಬೇಕು. ಕೆಲಸ ತೃಪ್ತಿಕರವಾಗಿರದಿದ್ದರೆ ಆ ವಿಭಾಗದ ಅವಧಿಯನ್ನು ಮತ್ತೆ ಪೂರೈಸಬೇಕು. ಇದೆಲ್ಲ ಮುಗಿದ ಮೇಲೆಯೇ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಾಯಂ ನೋಂದಣಿ. ಸುಶ್ರುತರು ಹೇಳಿದ ರಾಜಾನುಮತಿ ಎಂದರೆ ಇಂದು ಇದೇ. ವಿದೇಶದಲ್ಲಿ ಓದಿ ಬಂದವರು ಇದಕ್ಕೂ ಮುನ್ನ 300 ಅಂಕಗಳ ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ 150 ಪಡೆಯಬೇಕು. ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆ ಇರಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ವಿಧಿಸಿದ್ದರೂ ಅದು ಬಹುಕಾಲ ಕಾಗದದಲ್ಲಿಯೇ ಉಳಿಯಿತು.

ಕುಟುಂಬ ವೈದ್ಯಶಾಸ್ತ್ರವನ್ನೇ ವಿಶೇಷವಾಗಿ ಕಲಿಯಬಯಸುವ ಎಂ.ಬಿ.ಬಿ.ಎಸ್. ಪದವೀಧರರಿಗೆ ಮೂರು ವರ್ಷಗಳ ಡಿ.ಎನ್.ಬಿ. ಶಿಕ್ಷಣವಿದೆ. ಅದರಲ್ಲಿ ಪ್ರಬಂಧ, ಲಿಖಿತ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಮೂರೂ ಉಂಟು. ಬ್ರಿಟನ್ನಿನಲ್ಲಿ ಈ ತರಬೇತಿ ಇಲ್ಲದೆ ಯಾರೂ ಕುಟುಂಬ ವೈದ್ಯರಾಗಿ ಸ್ವತಂತ್ರವಾಗಿ ನಿಲ್ಲುವಂತಿಲ್ಲ. ಅಲ್ಲಿನ ಮೌಲ್ಯಮಾಪನಕ್ಕೆ ಮೂರು ಭಾಗಗಳು: ಜ್ಞಾನದ ಪರೀಕ್ಷೆ, ತರಬೇತಿಯುದ್ದಕ್ಕೂ ಕೆಲಸದ ಸ್ಥಳದಲ್ಲಿಯೇ ನಡೆಯುವ ಅವಲೋಕನ, ಮತ್ತು ಸಂದರ್ಶನ ಕೌಶಲದ ಪರೀಕ್ಷೆ. ಈ ಕೊನೆಯದರಲ್ಲಿ ತಲಾ 12 ನಿಮಿಷಗಳ 12 ಪ್ರಸಂಗಗಳು. ತರಬೇತಾದ ನಟರು ರೋಗಿಗಳಾಗಿ ಮಾತನಾಡುತ್ತಾರೆ. ವೈದ್ಯನು ರೋಗವನ್ನು ಗುರುತಿಸಿದರಷ್ಟೇ ಸಾಲದು. ರೋಗಿಯ ಭಯವನ್ನು ಕೇಳಿಸಿಕೊಂಡನೇ, ಅರ್ಥವಾಗುವಂತೆ ಹೇಳಿದನೇ ಎಂಬುದಕ್ಕೂ ಅಂಕಗಳಿವೆ.

ಇದು ಏಕೆ ಮುಖ್ಯವೆಂಬುದನ್ನು ನನ್ನದೇ ತಪ್ಪೊಂದು ಕಲಿಸಿತು. ಪದವಿ ಮುಗಿಸಿ ಹಿರಿಯ ವೈದ್ಯರೊಬ್ಬರ ಬಳಿ ಅಭ್ಯಾಸಕ್ಕೆ ಕುಳಿತ ಹೊಸತು. ಐವತ್ತು ದಾಟಿದ ರೈತರೊಬ್ಬರು ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಎಂದು ಬಂದರು. ಅಮ್ಲಪಿತ್ತದ ಲಕ್ಷಣಗಳೆಲ್ಲ ನನಗೆ ಕಂಠಪಾಠ. ಚೂರ್ಣ ಕಟ್ಟಿಕೊಟ್ಟೆ. ಅವರು ಬಾಗಿಲು ದಾಟುವಷ್ಟರಲ್ಲಿ ಗುರುಗಳು ಕರೆದು, ಬೆವರು ಬಂತೇ, ನಡೆದರೆ ಹೆಚ್ಚಾಗುವುದೇ ಎಂದು ಕೇಳಿದರು. ಎರಡಕ್ಕೂ ಹೌದೆಂಬ ಉತ್ತರ. ಕೂಡಲೇ ಬಾಡಿಗೆ ಕಾರು ಮಾಡಿಸಿ ದಾವಣಗೆರೆಗೆ ಕಳುಹಿಸಿದರು. ಹೃದಯಾಘಾತವೆಂದು ಅಲ್ಲಿ ತಿಳಿಯಿತು. ಆ ರೈತರು ಬದುಕಿದರು. ಗುರುಗಳು ನನ್ನನ್ನು ಗದರಲಿಲ್ಲ. "ಓದಿದ್ದು ಸರಿಯಾಗಿಯೇ ಇದೆ, ಕೇಳಿದ್ದು ಸಾಲದು" ಎಂದರು, ಅಷ್ಟೆ. ಮತ್ತೆ ಆರು ತಿಂಗಳು ನನ್ನನ್ನು ಒಬ್ಬನೇ ಕೂರಲು ಬಿಡಲಿಲ್ಲ. ಅಂದು ಅವಮಾನವೆನಿಸಿತ್ತು. ಅವರು ಆ ದಿನ ಪಕ್ಕದಲ್ಲಿ ಇರದಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಈಗಲೂ ಬರುತ್ತದೆ.

ನೆನಪಿನ ಶಕ್ತಿಯನ್ನು ಪ್ರಶ್ನೆಪತ್ರಿಕೆ ಅಳೆಯಬಲ್ಲದು. ತನಗೆ ತಿಳಿಯದಿರುವುದು ಎಲ್ಲಿಂದ ಆರಂಭವೆಂಬ ಅರಿವನ್ನು ಮಾತ್ರ ಜೊತೆಯಲ್ಲಿ ಕುಳಿತು ನೋಡಿದವರೇ ಅಳೆಯಬೇಕು. ಆದ್ದರಿಂದಲೇ ಇಂಟರ್ನ್‌ಶಿಪ್ ವರ್ಷವನ್ನು ಮುಂದಿನ ಪ್ರವೇಶ ಪರೀಕ್ಷೆಯ ಓದಿಗೆಂದು ಕಳೆದು, ದಾಖಲೆ ಪುಸ್ತಕಕ್ಕೆ ಬರಿಯ ಸಹಿ ಹಾಕಿಸಿಕೊಳ್ಳುವುದು ಮುಂದಿನ ರೋಗಿಗೆ ಮಾಡುವ ವಂಚನೆ. ಕಾಯಕವೆಂಬ ಮಾತಿಗೆ ಅಲ್ಲಿ ಅರ್ಥ ಉಳಿಯದು.

ಸದ್ಭಕ್ತರಿಗೂ ಇದರಲ್ಲಿ ಪಾಲುಂಟು. ಆಸ್ಪತ್ರೆಯಲ್ಲಿ ತರುಣ ವೈದ್ಯರು ಬಂದು ಪ್ರಶ್ನೆ ಕೇಳಿದರೆ ಬೇಸರಿಸದೆ ಉತ್ತರಿಸಿರಿ. ಅವರು ಕಲಿಯುವುದು ನಿಮ್ಮಿಂದಲೇ. ಚಿಕಿತ್ಸಾಲಯದಲ್ಲಿ ವೈದ್ಯರ ಪದವಿ, ಪದ್ಧತಿ ಮತ್ತು ನೋಂದಣಿ ಸಂಖ್ಯೆಯನ್ನು ನೋಡಿರಿ. ಕೆ.ಪಿ.ಎಂ.ಇ. ಕಾಯ್ದೆಯಡಿ ನೋಂದಣಿ ಪತ್ರ ಇದೆಯೇ ಎಂದು ಕೇಳುವುದು ಅವಿನಯವಲ್ಲ. ನೋಂದಣಿಯೇ ಇಲ್ಲದೆ ಸೂಜಿ ಹಿಡಿದು ಬರುವವರನ್ನು ಮನೆಯೊಳಗೆ ಕರೆಯಬೇಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಇಂಜೆಕ್ಷನ್ ಕೊಡದ ವೈದ್ಯರನ್ನೂ, "ಇದು ನನ್ನಿಂದಾಗದು, ದಾವಣಗೆರೆಗೆ ಹೋಗಿ" ಎನ್ನುವ ವೈದ್ಯರನ್ನೂ ಹೀನಾಯವಾಗಿ ಕಾಣಬೇಡಿರಿ. ಹಾಗೆ ಹೇಳಬಲ್ಲವರು ಅತಿ ಕಠಿಣವಾದ ಪರೀಕ್ಷೆಯಲ್ಲಿ ತೇರ್ಗಡೆಯಾದವರು.