ತಡವಾಗಿ ಬಂದ ದನಿಯ ಸಾಕ್ಷಿ

ಮಡಕೆ ಕೊಳ್ಳುವಾಗ ಬೆರಳು ಮಡಿಸಿ ತಟ್ಟಿ ನೋಡುತ್ತೇವೆ. ಕಣ್ಣಿಗೆ ಬೀಳದ ಸೀಳು ಕಿವಿಗೆ ಸಿಕ್ಕಿಬಿಡುತ್ತದೆ. ಸೇತುವೆಯ ದಪ್ಪ ಕಂಬ ಹಾಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಅದರ ಒಡಲಿಗೆ ಇಳಿಯಲು ನಮ್ಮ ಕಿವಿಗೆ ಕೇಳದ ದನಿಯೇ ಬೇಕು.

ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ್ದು ನಮಗೆ ಕೇಳಿಸದು. ಕಾಂಕ್ರೀಟ್ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು 54,000 ಕಂಪನಗಳ ಶ್ರವಣಾತೀತ ಧ್ವನಿ. ಗರ್ಭಿಣಿಯರ ಸ್ಕ್ಯಾನಿಂಗಿನಲ್ಲಿ ಬಳಸುವ ಹತ್ತಾರು ಲಕ್ಷ ಕಂಪನಗಳ ದನಿ ಇಲ್ಲಿ ಜಲ್ಲಿಗೆ ಬಡಿದು ಚದುರಿ ಸೊರಗಿಹೋಗುತ್ತದೆ. 54,000 ಕಂಪನಗಳ ಅಲೆಯ ಉದ್ದ ಸುಮಾರು 7 ಸೆಂಟಿಮೀಟರ್. 2 ಸೆಂಟಿಮೀಟರಿನ ಜಲ್ಲಿಯನ್ನು ಅದು ಬಹುಮಟ್ಟಿಗೆ ದಾಟಿ ಸಾಗುತ್ತದೆ.

ಕಂಬದ ಒಂದು ಬದಿಯಲ್ಲಿ ದನಿ ಹೊರಡಿಸುವ ಬಿಲ್ಲೆ, ಎದುರು ಬದಿಯಲ್ಲಿ ಕೇಳುವ ಬಿಲ್ಲೆ. ಬಿಲ್ಲೆಗೂ ಕಂಬಕ್ಕೂ ನಡುವೆ ಗಾಳಿಯ ಪದರ ಉಳಿದರೆ ದನಿ ಹಿಂದಕ್ಕೆ ಪುಟಿಯುವುದರಿಂದ ಎರಡಕ್ಕೂ ಗ್ರೀಸ್ ಬಳಿಯುತ್ತಾರೆ. ಬಿರುಕು ಸಿಕ್ಕಿಬೀಳುವುದೂ ಇದೇ ಕಾರಣಕ್ಕೆ: ಅದರೊಳಗೆ ಇರುವುದೂ ಗಾಳಿಯೇ. ದನಿ ಅದನ್ನು ಸುತ್ತಿ ಬರಬೇಕು, ತಡವಾಗುತ್ತದೆ. 2018ರಲ್ಲಿ ಬದಲಾಗುವವರೆಗೆ ಇದ್ದ 1992ರ ಭಾರತೀಯ ಮಾನಕದಂತೆ ವೇಗ ಸೆಕೆಂಡಿಗೆ 4.5 ಕಿಲೋಮೀಟರ್ ಮೀರಿದರೆ ಕಾಂಕ್ರೀಟ್ ಅತ್ಯುತ್ತಮ ಎನಿಸುತ್ತಿತ್ತು. 3ಕ್ಕಿಂತ ಇಳಿದರೆ ಅನುಮಾನ ಹುಟ್ಟುತ್ತಿತ್ತು.

ಭಾರ ಹೊತ್ತ ಕಾಂಕ್ರೀಟಿನ ಕತೆ ಇನ್ನೂ ಸೂಕ್ಷ್ಮ. ಜಲ್ಲಿಯ ಅಂಚಿನಲ್ಲಿ ಹುಟ್ಟಿನಿಂದಲೇ ಕೂದಲೆಳೆಯ ಬಿರುಕುಗಳಿರುತ್ತವೆ. ತಾಳಿಕೆಯ ಮೂರನೇ ಒಂದು ಪಾಲಿನಷ್ಟು ಭಾರ ಬೀಳುವವರೆಗೆ ಅವು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಆಮೇಲೆ ಗಾರೆಯೊಳಕ್ಕೆ ಚಾಚುತ್ತವೆ. ಮುಕ್ಕಾಲು ಪಾಲು ಮೀರಿದಾಗ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೇಲಿನಿಂದ ಒತ್ತಿದರೆ ಅವು ಬಹುಪಾಲು ಮೇಲೆ ಕೆಳಗೆ ಸೀಳುತ್ತವೆ. ಹಾಗಾಗಿ ಅಡ್ಡ ಹಾಯುವ ದನಿಗೆ ತಡೆ ಹೆಚ್ಚು. ಒತ್ತಡದ ದಿಕ್ಕಿನಲ್ಲೇ ಸಾಗುವ ದನಿ ಸಂದಿಗಳ ನಡುವೆ ನುಸುಳಿಬಿಡುತ್ತದೆ.

ಮೊದಲು ಬಂದು ಮುಟ್ಟುವ ದನಿ ನಮ್ಮನ್ನು ಮೋಸಗೊಳಿಸುವುದುಂಟು. ಅದು ಅತಿ ಬೇಗ ತಲುಪುವ ದಾರಿ ಹಿಡಿದದ್ದು. ಬಿರುಕಿನಲ್ಲಿ ನೀರು ತುಂಬಿದ್ದರೆ ಅದನ್ನೂ ದಾಟುತ್ತದೆ, ಉಕ್ಕಿನ ಸರಳು ಸಿಕ್ಕರೆ ಅದರ ಮೇಲೂ ಓಡುತ್ತದೆ. ಹಾನಿಯ ಆರಂಭದಲ್ಲಿ ವೇಗ ಅಷ್ಟಾಗಿ ಕುಗ್ಗುವುದಿಲ್ಲ. ದನಿಯ ಬಲ ಅದಕ್ಕೂ ಮೊದಲೇ ಕುಗ್ಗುತ್ತದೆ.

ನಿಜವಾದ ಸಾಕ್ಷಿ ಹೇಳುವುದು ಮೊದಲ ದನಿಯ ಹಿಂದೆ ಬಾಲದಂತೆ ಬರುವ ಅಲೆಗಳು. ಭೂಕಂಪ ವಿಜ್ಞಾನಿಗಳು ಇವನ್ನು ಕೋಡಾ ಅಲೆಗಳೆನ್ನುತ್ತಾರೆ. ಜಲ್ಲಿಯಿಂದ ಜಲ್ಲಿಗೆ ಪುಟಿಯುತ್ತ ಒಂದೇ ಜಾಗವನ್ನು ಹಲವು ಸಲ ಹಾದು ಬಂದ ಇವುಗಳಲ್ಲಿ ಎಳ್ಳಷ್ಟು ವಿಳಂಬವೂ ಕೂಡಿ ಕೂಡಿ ಎದ್ದು ಕಾಣುತ್ತದೆ. ಪ್ರಯೋಗಾಲಯದಲ್ಲಿ ವೇಗದ ಲಕ್ಷದಲ್ಲೊಂದು ಪಾಲಿನ ಬದಲಾವಣೆಯನ್ನೂ ಹೀಗೆ ಹಿಡಿಯಬಹುದು. ಬರಿಯ ಒತ್ತಡವೂ ವೇಗವನ್ನು ತುಸು ಬದಲಿಸುತ್ತದೆ, ಬಿಸಿಲೂ ಬದಲಿಸುತ್ತದೆ. ಅವನ್ನು ಲೆಕ್ಕದಿಂದ ಕಳೆದು, ಭಾರ ಇಳಿಸಿದ ಮೇಲೂ ವೇಗ ಹಿಂದಿನ ಮಟ್ಟಕ್ಕೆ ಮರಳದಿದ್ದರೆ ಒಳಗೆ ಪೆಟ್ಟಾಗಿದೆ ಎಂದೇ ತಿಳಿಯಬೇಕು.

ಆದರೆ ಹಿಂದಿನ ಮಟ್ಟ ಯಾವುದೆಂದು ಬರೆದಿಟ್ಟಿದ್ದರೆ ತಾನೇ ಹೋಲಿಕೆ? ಸೇತುವೆ ಹಳತಾಗಿ ಗಾರೆ ಉದುರಿದ ಮೇಲೆ ಉಪಕರಣ ಹೊತ್ತು ಓಡಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಮಡಕೆಯನ್ನು ಕೊಳ್ಳುವ ದಿನವೇ ತಟ್ಟಿ ನೋಡುತ್ತೇವೆ. ಸಾವಿರಾರು ಜನರನ್ನು ಹೊರುವ ಸೇತುವೆಯ ದನಿಯನ್ನೂ ಅದು ಹೊಸತಾಗಿದ್ದ ದಿನವೇ ಕೇಳಿ ಬರೆದಿಡಬೇಕು.